ಸಮೀಕ್ಷೆ ಮಾಡಿದ ಹುಡುಗರಿಗೆ ಉತ್ತರ ಕೊಡುವವರು ಯಾರು?

ಮುಂಬಯಿಯ ಬಸ್ತಿಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ, ಪ್ರಶ್ನಾವಳಿ ಹಿಡಿದ ಕಾಲೇಜು ಹುಡುಗರಿಗೆ ಬರವಿಲ್ಲ. ಮನೆಯಲ್ಲಿ ಎಷ್ಟು ಮಂದಿ, ಶೌಚಾಲಯ ಎಷ್ಟು ದೂರ, ತಿಂಗಳ ಸಂಪಾದನೆ ಎಷ್ಟು ಎಂದು ಬರೆದುಕೊಂಡು ಹೋದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಹುಡುಗರನ್ನು ದೂರಿ ಫಲವಿಲ್ಲ. ಪ್ರಶ್ನೆ ಪ್ರಾಧ್ಯಾಪಕರದು, ವರದಿ ಹಣ ಕೊಟ್ಟವರದು, ಇವರ ಪಾಲಿಗೆ ಬರುವುದು ಬಿಸಿಲು ಮತ್ತು ಅಂಕ. ಸಂಶೋಧನೆಯಲ್ಲಿ ಯುವಜನರನ್ನು ತೊಡಗಿಸಿಕೊಂಡಿದ್ದೇವೆ ಎಂಬ ಹೇಳಿಕೆಯ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಇದನ್ನು ಬುಡಮೇಲು ಮಾಡಲು ಹೊರಟ ಪ್ರಯೋಗವೂ ಇದೇ ಊರಿನದು. ಮಾನವಶಾಸ್ತ್ರಜ್ಞ ಅರ್ಜುನ್ ಅಪ್ಪಾದುರೈ ಕಟ್ಟಿದ ‘ಪುಕಾರ್’ ಸಂಸ್ಥೆ 2005ರಲ್ಲಿ ಯುವಜನರಿಗೆ ಫೆಲೋಶಿಪ್ ಶುರುಮಾಡಿತು. ಸಂಶೋಧನೆ ಪಂಡಿತರ ಸ್ವತ್ತಲ್ಲ, ಅದೂ ಎಲ್ಲರ ಹಕ್ಕು ಎಂಬುದು ಅಪ್ಪಾದುರೈ ಅವರ ವಾದ. ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು, ತಮ್ಮ ಬದುಕಿನಿಂದಲೇ ವಿಷಯ ಆರಿಸಿ ಅಧ್ಯಯನ ಮಾಡಬೇಕಿತ್ತು.

ಪುಕಾರ್ ಕೌಲಾ ಬಂದರ್‌ನಲ್ಲಿ ಮಾಡಿದ ಕೆಲಸ ಇದರ ಮುಂದಿನ ಹೆಜ್ಜೆ. ಅದು ಬಂದರು ಮಂಡಳಿಯ ಜಾಗದಲ್ಲಿರುವ, ಸರ್ಕಾರದ ಪಟ್ಟಿಗೆ ಸೇರದ ಬಸ್ತಿ. ಪಟ್ಟಿಯಲ್ಲಿಲ್ಲವೆಂದರೆ ಆಗ ಪಾಲಿಕೆಯ ನಲ್ಲಿಯೂ ಇರಲಿಲ್ಲ. ಮೋಟಾರು ಹಚ್ಚಿ ಉದ್ದುದ್ದ ಪೈಪುಗಳಲ್ಲಿ ಕದ್ದ ನೀರು ಮಾರುವವರಿಂದಲೇ ಕೊಳ್ಳಬೇಕಿತ್ತು. ತರಬೇತಿ ಪಡೆದ ‘ಬರಿಗಾಲ ಸಂಶೋಧಕರು’, ಅಂದರೆ ಬಸ್ತಿಗಳದೇ ಯುವಜನರು, ಹಾರ್ವರ್ಡ್‌ನ ತಜ್ಞರೊಂದಿಗೆ ಸೇರಿ ಲೆಕ್ಕ ಹಾಕಿದಾಗ, ಅಲ್ಲಿನ ಬಡವರು ಪಾಲಿಕೆಯ ದರಕ್ಕಿಂತ ಹತ್ತಾರು ಪಟ್ಟು ಹೆಚ್ಚು ತೆರುತ್ತಿರುವುದು ಕಾಗದದ ಮೇಲೆ ಬಂತು. ಇಂಥ ಲೆಕ್ಕ ಹೊರಗಿನವರಿಗೆ ಸುಲಭವಾಗಿ ಸಿಗುವುದಿಲ್ಲ. ಕದ್ದ ನೀರಿನ ವ್ಯಾಪಾರದ ಬಗ್ಗೆ ಅಪರಿಚಿತರ ಮುಂದೆ ಬಾಯಿ ಬಿಡುವವರು ಯಾರು?

ಅಧ್ಯಯನ ಅಂತರರಾಷ್ಟ್ರೀಯ ನಿಯತಕಾಲಿಕೆಗಳಲ್ಲಿ ಅಚ್ಚಾಯಿತು. ಸಂತೋಷವೇ. ಆದರೆ ಅದನ್ನು ಓದಿ ಉತ್ತರ ಹೇಳಲೇಬೇಕಾದ ಒಂದು ಕುರ್ಚಿ ಈ ನಗರದಲ್ಲಿ ಇರಲಿಲ್ಲ. ಅನಧಿಕೃತ ಬಸ್ತಿಗಳಿಗೂ ನೀರು ಕೊಡಬೇಕೆಂದು 2014ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಹೇಳಿದ್ದು ನೀರಿನ ಹಕ್ಕಿಗಾಗಿ ಹೋರಾಡುವ ಪಾನಿ ಹಕ್ ಸಮಿತಿ ಬೇರೆಯಾಗಿ ಹೂಡಿದ್ದ ಅರ್ಜಿಯ ಮೇಲೆ. 2022ರ ಮಾರ್ಚ್ ನಂತರವಂತೂ ಮೂರು ವರ್ಷಕ್ಕೂ ಹೆಚ್ಚು ಕಾಲ ಪಾಲಿಕೆಗೆ ಚುನಾಯಿತ ಸದಸ್ಯರೇ ಇರಲಿಲ್ಲ. ಬೆಂಗಳೂರಿನವರು ನಗಬೇಕಾಗಿಲ್ಲ, ಅವರ ಪಾಲಿಕೆ 2020ರಿಂದಲೇ ಖಾಲಿ ಬಿದ್ದಿತ್ತು.

ನನ್ನ ಕುಂದಾಪುರದ ಕಡೆ ನಡೆದದ್ದು ಬೇರೆ. ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿದ ಭೀಮ ಸಂಘ, ಆಮೇಲೆ ಬಂದ ಮಕ್ಕಳ ಪಂಚಾಯತ್ ಎರಡೂ ಸಮೀಕ್ಷೆಗೆ ಇಳಿದವು. ಮಕ್ಕಳು ಮನೆಮನೆಗೆ ಹೋಗಿ ಮಾಹಿತಿ ಕೂಡಿಸಿದರು. ಮಳೆಗಾಲದಲ್ಲಿ ಶಾಲೆಗೆ ಹೋಗುವವರ ಜೀವಕ್ಕೆ ಎರವಾಗುವ, ಹಳ್ಳಗಳ ಮೇಲಿನ ಕಾಲುಸಂಕಗಳು ಅವರ ಕಣ್ಣಿಗೆ ಬಿದ್ದಷ್ಟು ಎಂಜಿನಿಯರರ ಕಣ್ಣಿಗೆ ಬಿದ್ದಿರಲಿಲ್ಲ. ಆ ಪಟ್ಟಿಯನ್ನು ಅವರು ಒಯ್ದದ್ದು ನಿಯತಕಾಲಿಕೆಗೆ ಅಲ್ಲ, ಪಂಚಾಯಿತಿಗೆ. ಅಧ್ಯಕ್ಷರು ಹೆಸರು ಗೊತ್ತಿರುವ ಮನುಷ್ಯ, ಮನೆಯೂ ಗೊತ್ತು. 2006ರಲ್ಲಿ ಸರ್ಕಾರ ರಾಜ್ಯದ ಎಲ್ಲ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದಿತು.

ಈಗ ಎಷ್ಟೋ ಕಡೆ ಆ ಸಭೆ ಭಾಷಣ, ಬಿಸ್ಕತ್ತು ಮತ್ತು ಫೋಟೋಗಳಲ್ಲಿ ಮುಗಿಯುತ್ತದೆ ಎಂಬುದು ನಿಜ. ಇನ್ನೊಂದು ಕೊರತೆಯೂ ಇದೆ. ಪಂಚಾಯಿತಿಯ ಕೈಗೆಟಕುವ ಪ್ರಶ್ನೆಗಳಷ್ಟೇ ಅಲ್ಲಿ ಸುಲಭವಾಗಿ ಎದ್ದು ನಿಲ್ಲುತ್ತವೆ. ಸಂಕ ಬೇಕು, ಶಿಕ್ಷಕರು ಬೇಕು, ಸರಿ. ನಮ್ಮ ಹುಡುಗರು ತಲೆಮಾರುಗಳಿಂದ ಊರು ಬಿಟ್ಟು ಮುಂಬಯಿಯ ಹೋಟೆಲುಗಳಿಗೆ ಬರುತ್ತಿರುವುದೇಕೆ ಎಂಬಂಥ ಪ್ರಶ್ನೆಗೆ ಯಾವ ಪಂಚಾಯಿತಿ ಉತ್ತರ ಕೊಟ್ಟೀತು? ಅಂಥ ಪ್ರಶ್ನೆ ಕೇಳುವ ಎದೆಗಾರಿಕೆ ಮುಂಬಯಿಯ ಪದ್ಧತಿಯಲ್ಲಿದೆ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಕುಂದಾಪುರದ್ದನ್ನೇ ಆರಿಸುತ್ತೇನೆ. ಉತ್ತರ ಸಿಕ್ಕ ರುಚಿ ಕಂಡ ಮಕ್ಕಳು ನಾಳೆ ದೊಡ್ಡ ಪ್ರಶ್ನೆ ಕೇಳಿಯಾರು. ಎಷ್ಟು ಕೇಳಿದರೂ ಯಾರೂ ಓಗೊಡದ ಕಡೆ ಯುವಕರು ಎರಡನೆಯ ಸಲ ಕೇಳುವುದಿಲ್ಲ.

ಮುಂಬಯಿಯ ಕನ್ನಡ ಸಂಘಗಳು ಪ್ರತಿವರ್ಷ ವಿದ್ಯಾರ್ಥಿಗಳಿಗೆ ನೋಟ್‌ಬುಕ್ಕು, ವಿದ್ಯಾರ್ಥಿವೇತನ ಹಂಚುತ್ತವೆ. ಅದರ ಜೊತೆ ಒಂದು ಕೆಲಸವನ್ನೂ ವಹಿಸಿ ನೋಡಲಿ. ಒಂದು ಕಾಲಕ್ಕೆ ಹೋಟೆಲ್ ಹುಡುಗರಿಗೆ ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳು ಏಕೆ ಬರಿದಾದವು? ಇಂದಿನ ಹೋಟೆಲ್ ಹುಡುಗರು ಯಾವ ರಾಜ್ಯದವರು, ರಾತ್ರಿ ಎಲ್ಲಿ ಮಲಗುತ್ತಾರೆ, ವಾರದ ರಜೆ ಸಿಗುತ್ತದೆಯೇ? ವಿಷಯ ಹುಡುಗರೇ ಬದಲಿಸಿಕೊಂಡರೂ ಅಡ್ಡಿಯಿಲ್ಲ. ವರದಿಯನ್ನು ಮಾತ್ರ ಸಂಘದ ವಾರ್ಷಿಕ ಮಹಾಸಭೆಯಲ್ಲೇ ಓದಿಸಬೇಕು. ಉತ್ತರ ಹೇಳಬೇಕಾದ ಹೋಟೆಲ್ ಮಾಲೀಕರು ಹೇಗೂ ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ.