ಹಟ್ಟಿಗೆ ಸ್ಮಾರ್ಟ್‌ವಾಚ್ ತರೋರಿಗೆ ಒಂದು ಮಾತು

ಮೊನ್ನೆ ದಾವಣಗೆರೆಯಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಬುಡಕಟ್ಟು ಜನಕ್ಕೆ ಸ್ಮಾರ್ಟ್‌ವಾಚ್ ಕಟ್ಟಿಬಿಟ್ರೆ ಹಾರ್ಟ್ ಅಟ್ಯಾಕ್ ತಡೀಬಹುದು ಅಂತ ಒಬ್ರು ಸ್ಲೈಡ್ ಹಾಕಿ ತೋರಿಸಿದ್ರು, ಜನ ಚಪ್ಪಾಳೆ ಹೊಡೆದ್ರು, ನಂಗೆ ಮಾತ್ರ ನಮ್ಮ ದೊಡ್ಡಪ್ಪನೇ ಕಣ್ಮುಂದೆ ಬಂದ.

ನಮ್ದು ಚಳ್ಳಕೆರೆ ಕಡೆ ಕಾಡುಗೊಲ್ಲರ ಹಟ್ಟಿ. ದೊಡ್ಡಪ್ಪ ಕುರಿ ಹಿಂದೆ ದಿನವಿಡೀ ನಡೆಯೋ ಜೀವ, ಇವ್ನಿಗೆಂಥ ಹಾರ್ಟ್ ಪ್ರಾಬ್ಲಮ್ಮು ಅಂತ ಎಲ್ರೂ ಅಂದ್ಕೊಂಡಿದ್ವಿ. ಒಂದಿನ ಬೆಳಗ್ಗೆ ಎದೆ ಹಿಡ್ಕೊಂಡು ಕೂತ, ಬೆವರು ಕಿತ್ಕೊಂಡು ಬಂತು, ಗ್ಯಾಸ್ ಆಗಿರ್ಬೇಕು ಅಂತ ಸೋಡಾ ಕುಡಿಸಿದ್ರು, ಜೀರಿಗೆ ಕಷಾಯ ಕುಡಿಸಿದ್ರು, ಗಾಡಿ ಸಿಕ್ಕಿ ಆಸ್ಪತ್ರೆ ಮುಟ್ಟೋ ಹೊತ್ತಿಗೆ ನಾಲ್ಕು ತಾಸಾಗಿತ್ತು. ಉಳೀಲಿಲ್ಲ. ಬಿಪಿ ಎಷ್ಟು ವರ್ಷದಿಂದ ಇತ್ತೋ, ಅವನ ಜೀವಮಾನದಲ್ಲಿ ಒಂದ್ಸಲಾನೂ ಯಾರೂ ನೋಡಿರ್ಲಿಲ್ಲ.

ವಾಚ್ ಬೇಡ ಅಂತಿಲ್ಲ ನಾನು. ಅದು ಏನು ಮಾಡುತ್ತೆ, ಏನು ಮಾಡಲ್ಲ ಅಂತ ನೆಟ್ಟಗೆ ಹೇಳಿ. ಹಿಂದಿರೋ ಹಸಿರು ಲೈಟು ಚರ್ಮದೊಳಗೆ ರಕ್ತ ಹರಿಯೋದನ್ನ ನೋಡಿ ನಾಡಿ ಎಣಿಸುತ್ತೆ, ಬಡಿತ ಅಡ್ಡಾದಿಡ್ಡಿ ಆದ್ರೆ ಎಚ್ಚರಿಸುತ್ತೆ. ಅಮೆರಿಕದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಆಪಲ್ ವಾಚ್ ಕಟ್ಕೊಂಡು ಸೇರಿದ್ದ ಸ್ಟಡಿ ಹುಡುಕಿದ್ದು ಇದನ್ನೇ, ಏಟ್ರಿಯಲ್ ಫಿಬ್ರಿಲೇಶನ್ ಅಂತಾರೆ, ಅದ್ರಲ್ಲಿ ದೊಡ್ಡ ಭಯ ಅಂದ್ರೆ ಸ್ಟ್ರೋಕು. ದೊಡ್ಡಪ್ಪನಿಗೆ ಆಗಿದ್ದು ಬೇರೆ, ಹೃದಯದ ರಕ್ತನಾಳ ಕಟ್ಕೊಂಡಿದ್ದು, ಅಂದ್ರೆ ಹಾರ್ಟ್ ಅಟ್ಯಾಕು. ಅದನ್ನ ತನ್ನ ವಾಚ್ ಕಂಡುಹಿಡಿಯಲ್ಲ ಅಂತ ಆಪಲ್ ಕಂಪನಿನೇ ಹೇಳುತ್ತೆ. ಇನ್ನು ಎಚ್ಚರಿಕೆ ಇಂಗ್ಲಿಷಲ್ಲಿ ಬಂದ್ರೆ, ನೆಟ್‌ವರ್ಕ್ ಇಲ್ದಿರೋ ಕಾವಲಲ್ಲಿ, ಅಂದ್ರೆ ಕುರಿ ದನ ಮೇಯೋ ಬಯಲಲ್ಲಿ ಬಂದ್ರೆ, ಯಾರು ಓದಬೇಕು?

ಸ್ಲೈಡಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಫೋಟೋನೂ ಇತ್ತು. ಅಲ್ಲಿ ದೂರದೂರಿನ ಮಕ್ಕಳನ್ನ ಇವತ್ತಿಗೂ ಕಾಡ್ತಿರೋದು ರುಮ್ಯಾಟಿಕ್ ಹಾರ್ಟ್ ಡಿಸೀಸ್, ಗಂಟಲು ನೋವಿಂದ ಶುರುವಾಗಿ ಹೃದಯದ ಕವಾಟ ಹಾಳು ಮಾಡೋ ಕಾಯಿಲೆ. ಅದಕ್ಕೆ ಬೇಕಿರೋದು 3-4 ವಾರಕ್ಕೊಮ್ಮೆ ತಪ್ಪದೆ ಪೆನ್ಸಿಲಿನ್ ಇಂಜೆಕ್ಷನ್ನು, ಜನ ಕಿಕ್ಕಿರಿಯದಂಥ ಮನೆ. ಅದ್ರ ಬಗ್ಗೆ ಅವತ್ತು ಒಂದು ಮಾತೂ ಬರ್ಲಿಲ್ಲ.

ಟೆಕ್ನಾಲಜಿ ನಮ್ಗೇನು ಹೊಸದಲ್ಲ. ನಮ್ಮ ತಾಲ್ಲೂಕಿನ ಕುದಾಪುರದಲ್ಲೇ ಬೆಂಗಳೂರಿನ ದೊಡ್ಡ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಕ್ಯಾಂಪಸ್ ಐತೆ. 2023ರ ಏಪ್ರಿಲ್ 2ಕ್ಕೆ ಇಸ್ರೋದವರು ಹೆಲಿಕಾಪ್ಟರಿಂದ ಮೇಲಿಂದ ಬಿಟ್ಟ ಬಾಹ್ಯಾಕಾಶ ವಿಮಾನದ ಮಾದರಿ ತಾನೇ ತಾನಾಗಿ ಇಲ್ಲಿನ ರನ್‌ವೇ ಮೇಲೆ ಇಳೀತು, ಹಿಂದೆ ನಮ್ಮ ಕುರಿ ದನ ಮೇಯ್ತಿದ್ದ ಅಮೃತಮಹಲ್ ಕಾವಲಿನ ಸೀಮೆ ಅದು. ಅದೇ ಸೀಮೆಯ ಹಟ್ಟೀಲಿ ಎದೆನೋವು ಬಂದ್ರೆ ಸೋಡಾ ಕುಡಿಸ್ತೀವಿ.

ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಂಗೆ ಇಷ್ಟ ಆಗೋದು ಇದಕ್ಕೇ. ತಾಲ್ಲೂಕು ಆಸ್ಪತ್ರೇಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡಾಸ್ಪತ್ರೆ ಡಾಕ್ಟ್ರಿಗೆ ಕಳಿಸ್ತಾರೆ, ಬೇಕಾದ್ರೆ ರಕ್ತದ ಹೆಪ್ಪು ಕರಗಿಸೋ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡ್ತಾರೆ. ಮಷಿನ್ನಿನ ಆ ಕಡೆ ಒಬ್ಬ ಮನುಷ್ಯ ಇದಾನೆ, ಕೈಯಲ್ಲಿ ಔಷಧಿ ಐತೆ. ವಾಚ್ ತರೋರು ಈ ಸರಪಳಿಗೆ ಜೋಡಿಸಿ ತರ್ರಿ. ನಮ್ಮ ನಾಡಿ ಲೆಕ್ಕ ಯಾರ ಸರ್ವರಲ್ಲಿ ಕೂರುತ್ತೆ ಅಂತ ಹಟ್ಟಿ ಹಿರೀಕರನ್ನ ಕೂರಿಸ್ಕೊಂಡು ಮೊದ್ಲೇ ಹೇಳ್ರಿ, ಫೋಟೋ ಆಮೇಲೆ ತೆಗೆಸ್ಕೊಳ್ಳೋರಂತೆ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಹಟ್ಟಿಯ ಆಶಾ ಕಾರ್ಯಕರ್ತೆ ಅಕ್ಕನ ಹತ್ರ ಇದ್ದ ಬಿಪಿ ಮಷಿನ್ನಿನ ಸೆಲ್ ಮುಗಿದು ತಿಂಗಳಾಗಿತ್ತಂತೆ. ಚಳ್ಳಕೆರೆಯಿಂದ ನಾಲ್ಕು ಸೆಲ್ ತಂದು ಹಾಕಿ ದೊಡ್ಡಮ್ಮನಿಗೆ ನೋಡಿದ್ವಿ, 168/100. ಸ್ವಲ್ಪ ಹೊತ್ತು ಸುಮ್ನೆ ಕೂರಿಸಿ ಮತ್ತೆ ನೋಡಿದ್ರೂ ಇಳೀಲಿಲ್ಲ. ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ ಮಾತ್ರೆ ಶುರು ಮಾಡಿಸಿ ಬಂದೆ. ನಾವು ಹೊರಡೋ ಮುಂಚೆ ಹಟ್ಟಿಯ ಇನ್ನೂ ಹನ್ನೊಂದು ಜನ ಬಿಪಿ ನೋಡಿಸ್ಕೊಳ್ಳೋಕೆ ಅಂಗಿ ತೋಳು ಮೇಲಕ್ಕೆ ಮಡಚ್ಕೊಂಡು ಕಟ್ಟೆ ಮೇಲೆ ಸಾಲಾಗಿ ಕೂತಿದ್ರು.