ಮನೆಮನೆಗೆ ಹೋಗುವ ಸಿಸ್ಟರ್‌ಗೆ ಫೋನಿನಲ್ಲೇ ತರಬೇತಿ: ಸರಿಯೇ?

ಪರ

ಜೋಯಿಡಾದ ಕಾಡಂಚಿನ ಸಬ್ ಸೆಂಟರ್ (ಆರೋಗ್ಯ ಉಪಕೇಂದ್ರ) ಸಿಸ್ಟರ್ ಮೂರು ದಿನದ ತರಬೇತಿಗೆ ಕಾರವಾರಕ್ಕೆ ಹೋದರು ಅಂದುಕೊಳ್ಳಿ. ಹೋಗಿ ಬರುವುದೂ ಸೇರಿ ಐದು ದಿನ. ಅಷ್ಟು ದಿನ ಆ ಊರುಗಳಿಗೆ ಯಾರು ದಿಕ್ಕು? ಗುಡ್ಡಗಾಡಿನಲ್ಲಿ 3,000 ಜನಕ್ಕೆ, ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಸಬ್ ಸೆಂಟರ್ ಎನ್ನುವುದು ಸರ್ಕಾರದ ಲೆಕ್ಕ. ಬಾಣಂತಿ, ಹಾಸಿಗೆ ಹಿಡಿದ ಅಜ್ಜ, ಬಿಪಿ ಮಾತ್ರೆಗೆ ಕಾಯುವವರು, ಎಲ್ಲರೂ ಆ ಬಾಗಿಲನ್ನೇ ನಂಬಿದ್ದಾರೆ. ತರಬೇತಿಯೇ ಆ ಬಾಗಿಲಿಗೆ ಬರಲಿ ಅನ್ನುವುದು ದೊಡ್ಡ ಬೇಡಿಕೆಯೇನಲ್ಲ.

ದೂರದಿಂದ ಕಲಿತದ್ದು ಅರೆಬರೆ ಅನ್ನುವವರಿದ್ದಾರೆ. ಅವರು ‘ಎಕೋ’ ಎಂಬ ದೂರ ತರಬೇತಿ ಯೋಜನೆಯ ಕಥೆ ಕೇಳಬೇಕು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕಿನ ರೋಗಿಗಳು ತಜ್ಞ ವೈದ್ಯ ಡಾ. ಸಂಜೀವ್ ಅರೋರಾ ಅವರನ್ನು ಕಾಣಲು ತಿಂಗಳುಗಟ್ಟಲೆ ಕಾಯಬೇಕಿತ್ತು. 2003ರಲ್ಲಿ ಅವರು ದೂರದ ಕ್ಲಿನಿಕ್ಕುಗಳ ಸಿಬ್ಬಂದಿ ಜೊತೆ ವಾರವಾರ ವಿಡಿಯೋದಲ್ಲಿ ಕೂರಲು ಶುರುಮಾಡಿದರು. ಭಾಷಣ ಮುಖ್ಯವಲ್ಲ ಅಲ್ಲಿ. ‘ನನ್ನ ರೋಗಿಗೆ ಹೀಗಾಗಿದೆ, ಏನು ಮಾಡಲಿ?’ ಎಂಬ ಮಾತುಕತೆಯೇ ಪಾಠ. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಅರೋರಾ ಅವರ ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಗುಣವಾದವರು ಶೇ 57.5, ದೂರದ ಕ್ಲಿನಿಕ್ಕುಗಳಲ್ಲಿ ಶೇ 58.2. ನಮ್ಮ ನಿಮ್ಹಾನ್ಸ್ ಕೂಡ 2018ರಲ್ಲಿ ಡಿಜಿಟಲ್ ಅಕಾಡೆಮಿ ತೆರೆದು, ವೈದ್ಯರ ಜೊತೆಗೆ ನರ್ಸ್‌ಗಳಿಗೂ ಮಾನಸಿಕ ಆರೋಗ್ಯದ ಪಾಠ ಹೇಳುತ್ತಿದೆ.

ನನಗೆ ಇದರಲ್ಲಿ ಜಾಸ್ತಿ ಮುಖ್ಯ ಅನ್ನಿಸುವುದು ಬೇರೆಯೇ. ವಾರ್ಡಿನಲ್ಲಿ ಅನುಮಾನ ಬಂದರೆ ಪಕ್ಕದಲ್ಲೇ ಸೀನಿಯರ್ ಸಿಸ್ಟರ್ ಇರುತ್ತಾರೆ. ಮನೆಗೆ ಹೋದ ಸಿಸ್ಟರ್ ಒಂಟಿ. ಎರಡು ತಿಂಗಳೊಳಗಿನ ಎಳೆ ಮಗುವಿನ ಎದೆ ಬೇಗ ಬೇಗ ಏರಿಳಿಯುತ್ತಿದೆ. ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು, ಅಳುತ್ತಿದ್ದರೆ ಸುಮ್ಮನಾಗುವವರೆಗೆ ಕಾಯಬೇಕು, 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಬೇಕು. ಎಂದೋ ತರಬೇತಿಯಲ್ಲಿ ಕೇಳಿದ್ದು ಆ ಹೊತ್ತಿಗೆ ನೆನಪಿಗೆ ಬರದೇ ಇರಬಹುದು. ಅದೇ ವಿಡಿಯೋ ಫೋನಿನಲ್ಲಿದ್ದರೆ ಅಂಗಳದಲ್ಲಿ ನಿಂತೇ ನೋಡಿಕೊಂಡು ಒಳಗೆ ಹೋಗಬಹುದು. ಶಿಬಿರ ಮುಗಿದ ಸಂಜೆ ಮೇಡಂ ಊರಿಗೆ ಹೊರಟುಬಿಡುತ್ತಾರೆ. ವಾರದ ಆನ್‌ಲೈನ್ ತರಗತಿಯ ಮೇಡಂ ಮುಂದಿನ ವಾರವೂ ಸಿಗುತ್ತಾರೆ, ಅಲ್ವಾ?

ವಿರೋಧ

ನಮ್ಮ ಮಾವನಿಗೆ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಾಗ ಏಜೆನ್ಸಿಯೊಂದರಿಂದ ಒಬ್ಬ ಹುಡುಗಿ ಬಂದಳು. ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಇತ್ತು. ಮೂಗಿನ ಟ್ಯೂಬಿನಲ್ಲಿ ಗಂಜಿ ಹಾಕುವ ಮುಂಚೆ ತಲೆ ಎತ್ತರಿಸಬೇಕು, ಸಿರಿಂಜಿನಲ್ಲಿ ಎಳೆದು ಟ್ಯೂಬ್ ಹೊಟ್ಟೆಯಲ್ಲೇ ಇದೆಯೇ ನೋಡಬೇಕು, ಎಲ್ಲವನ್ನೂ ತಡವರಿಸದೆ ಹೇಳಿದಳು. ಮಾವ ಒಮ್ಮೆ ಕೆಮ್ಮಿದ್ದೇ ತಡ, ಅವಳ ಕೈ ನಡುಗಿತು. ಜೀವವಿರುವ ಮನುಷ್ಯನಿಗೆ ಟ್ಯೂಬಿನಲ್ಲಿ ಊಟ ಕೊಡುತ್ತಿರುವುದು ಅವಳಿಗೆ ಅದೇ ಮೊದಲು. ತಪ್ಪು ಆ ಹುಡುಗಿಯದಲ್ಲ. ಅವಳನ್ನು ಹಾಗೆ ಕಳಿಸಿದವರದು.

ಎಕೋ ಉದಾಹರಣೆ ಒಳ್ಳೆಯದೇ. ಆದರೆ ಅಲ್ಲಿ ಕಲಿತವರು ಆಗಲೇ ರೋಗಿಗಳನ್ನು ನೋಡಿ ಕೈ ಪಳಗಿದ್ದವರು. ಅವರಿಗೆ ಬೇಕಿದ್ದದ್ದು ತಜ್ಞರ ಸಲಹೆ. ಅದು ಪರದೆಯ ಮೇಲೆ ಸಿಗುತ್ತದೆ. ಕೈಗೆ ಬರಬೇಕಾದ ಕೆಲಸದ ಮಾತೇ ಬೇರೆ. ಮಲಗಿದ್ದಲ್ಲೇ ಮಲಗಿ ಆಗುವ ಹುಣ್ಣು, ಬೆಡ್‌ಸೋರನ್ನೇ ತೆಗೆದುಕೊಳ್ಳಿ. ಚರ್ಮ ಕೆಂಪಾಗಿದೆಯೇ, ಒತ್ತಿದರೆ ಬೆಳ್ಳಗಾಗುತ್ತದೆಯೇ ನೋಡಿ ಎನ್ನುತ್ತದೆ ಪಾಠ. ಬಿಳಿ ಚರ್ಮದವರ ಚಿತ್ರದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಮುಟ್ಟಿ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿಯಿದೆಯೇ, ಗಟ್ಟಿಯಾಗಿದೆಯೇ, ಇಲ್ಲ ಮೆತ್ತಗಾಗಿದೆಯೇ ಅಂತ ಬೆರಳಿಗೆ ಗೊತ್ತಾಗಬೇಕು. ಅದಕ್ಕೆ ಹತ್ತಾರು ಬೆನ್ನು ಮುಟ್ಟಿರಬೇಕು. ಫೋನಿನ ಗಾಜು ಎಲ್ಲರ ಬೆನ್ನಿಗೂ ಒಂದೇ ಥರ ತಣ್ಣಗಿರುತ್ತದೆ.

ಇನ್ನು ಸಮಯ. ಹಗಲೆಲ್ಲ ಮನೆಮನೆ ಸುತ್ತಿ, ಸಂಜೆ ಆ್ಯಪ್‌ಗಳಿಗೆ ಅಂಕಿಸಂಖ್ಯೆ ತುಂಬಿ, ಅಡುಗೆಗೆ ಇಟ್ಟ ಮೇಲೆ ಆನ್‌ಲೈನ್ ಪಾಠ. ವಿಡಿಯೋ ಓಡುತ್ತಿರುತ್ತದೆ, ಅವರು ಅನ್ನ ಬಸಿಯುತ್ತಿರುತ್ತಾರೆ. ಯಾರು ತಾನೇ ಬೈದಾರು? ಶಿಬಿರಕ್ಕೆ ಹೋದರೆ ಆ ದಿನಗಳು ಡ್ಯೂಟಿ ಲೆಕ್ಕಕ್ಕೆ ಬರುತ್ತವೆ. ಮನೆಯಲ್ಲಿ ಕೂತು ಕಲಿತ ಗಂಟೆಗಳನ್ನು ಎಣಿಸುವವರಿಲ್ಲ. ಜೋಯಿಡಾ ಮಾತು ಬಂತಲ್ಲ, ಅಲ್ಲಿ ಎಷ್ಟೋ ಊರಲ್ಲಿ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ಕನ್ನಡ ಮೀಡಿಯಂನಲ್ಲಿ ಓದಿ ಬಂದ ಸಿಸ್ಟರ್ ಮುಂದೆ ಇಂಗ್ಲಿಷ್ ಸ್ಲೈಡ್ ಇಟ್ಟರೆ ಕೊನೆಗೆ ಸುಮ್ನೆ ಟಿಕ್ ಹಾಕಿ ಮುಗಿಸಬೇಕಾಗುತ್ತದೆ.

ನನ್ನ ಭಯ ಇಷ್ಟೇ. ಆನ್‌ಲೈನ್ ಪಾಠ ಬಂದಷ್ಟೂ ರೋಗಿಯ ಹಾಸಿಗೆ ಪಕ್ಕ ನಿಂತು ಕಲಿಯುವ ದಿನಗಳಿಗೆ ಕತ್ತರಿ ಬೀಳುತ್ತದೆ. ವಿಡಿಯೋ ಅಗ್ಗ. ಕೈ ಹಿಡಿದು ಕಲಿಸುವವರಿಗೆ ಸಂಬಳ ಕೊಡಬೇಕು, ಊರೂರಿಗೆ ಓಡಾಡಿಸಬೇಕು.

ಆ ಹುಡುಗಿ ಕೆಲಸ ಬಿಡಲಿಲ್ಲ. ನಮ್ಮ ಬೀದಿಯಲ್ಲೇ ಇರುವ ರಿಟೈರ್ಡ್ ಸಿಸ್ಟರ್ ಒಬ್ಬರನ್ನು ಕೇಳಿಕೊಂಡೆವು. ಮೂರು ದಿನ ಬೆಳಿಗ್ಗೆ ಬಂದರು. ಅವಳ ಕೈ ಮೇಲೆ ತಮ್ಮ ಕೈ ಇಟ್ಟು ಸಿರಿಂಜ್ ಹಿಡಿಸಿದರು. ಮಾವನ ಭುಜಕ್ಕೂ ಸೊಂಟಕ್ಕೂ ಕೈ ಕೊಟ್ಟು ಮಗ್ಗುಲು ಬದಲಿಸುವುದು ಹೇಗೆಂದು ತೋರಿಸಿದರು. ನಾಲ್ಕನೆಯ ದಿನ ಅವರು ಬಾಗಿಲಲ್ಲೇ ನಿಂತರು. ಅವಳು ಒಬ್ಬಳೇ ಮಾವನನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನು ಸವರಿ, ‘ಅಮ್ಮ, ಇಲ್ಲಿ ಸ್ವಲ್ಪ ಬಿಸಿ ಇದೆ’ ಅಂದಳು.