ಹಿಮದ ಕಡಲಿನಿಂದ ಬರುವ ಗ್ಯಾಸಿಗೂ ಪೂರ್ತಿ ಲೆಕ್ಕ ಬೇಕು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪೈಪ್ ಗ್ಯಾಸ್ ಕನೆಕ್ಷನ್ ಬಗ್ಗೆ ಮಾತು ನಡೆದಾಗಲೆಲ್ಲ ಕೇಳಿಬರುವುದು ಒಂದೇ: ಇದು ಕ್ಲೀನ್ ಇಂಧನ. ಒಲೆ ಮುಂದೆ ನಿಂತವರಿಗೆ ಅದು ನಿಜವೇ. ಹೊಗೆಯಿಲ್ಲ, ಮಸಿಯಿಲ್ಲ. ಆದರೆ ಲೆಕ್ಕ ಒಲೆಯಿಂದ ಶುರುವಾಗಬಾರದು, ಗ್ಯಾಸ್ ತೆಗೆಯುವ ಬಾವಿಯಿಂದ ಶುರುವಾಗಬೇಕು.

ನಮ್ಮ ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧದಷ್ಟು ಹಡಗಿನಲ್ಲಿ ಬರುತ್ತದೆ. ಜಾಸ್ತಿ ಪಾಲು ಕತಾರ್‌ನದು. ಆದರೂ ನಾನು ರಷ್ಯಾದ ಉತ್ತರದಲ್ಲಿ, ಆರ್ಕ್‌ಟಿಕ್ ಹಿಮಗಡಲಿನ ದಂಡೆಯಲ್ಲಿರುವ ಯಮಾಲ್ ಬಗ್ಗೆ ಹೇಳಲೇಬೇಕು. ಅಲ್ಲಿನ ಸಬೆಟ್ಟಾ ಬಂದರಿನಿಂದ 2017ರ ಡಿಸೆಂಬರ್‌ನಲ್ಲಿ ಎಲ್‌ಎನ್‌ಜಿ, ಅಂದರೆ ದ್ರವ ಮಾಡಿದ ನೈಸರ್ಗಿಕ ಅನಿಲ, ಹೊರಡಲು ಶುರುವಾಯಿತು. ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣಿಸಿದರೆ ಅದು ದ್ರವವಾಗಿ, 600ನೇ ಒಂದು ಭಾಗದಷ್ಟು ಜಾಗದಲ್ಲಿ ಕೂರುತ್ತದೆ. ಅದನ್ನು ಸಾಗಿಸಲೆಂದೇ ದಕ್ಷಿಣ ಕೊರಿಯಾದಲ್ಲಿ 15 ಹಡಗು ಕಟ್ಟಿಸಿದರು. ಎರಡು ಮೀಟರ್ ದಪ್ಪದ ಮಂಜುಗಡ್ಡೆಯನ್ನೂ ಒಡೆದು ಸಾಗುತ್ತವೆ. ಮಂಜು ತೀರಾ ಗಟ್ಟಿಯಾದರೆ ಹಡಗು ಹಿಂದುಮುಂದಾಗಿ ತಿರುಗಿ, ಹಿಂಭಾಗದಿಂದಲೇ ದಾರಿ ಮಾಡಿಕೊಳ್ಳುತ್ತದೆ. ಎಂಥ ಎಂಜಿನಿಯರಿಂಗ್! ಮನಸಾರೆ ಮೆಚ್ಚುತ್ತೇನೆ.

ನನ್ನ ಸಂಕಟ ಬೇರೆ. 2017ರ ಆಗಸ್ಟ್‌ನಲ್ಲಿ ಇಂಥದೇ ಒಂದು ಹಡಗು ಮಂಜು ಒಡೆಯುವ ಜೊತೆಹಡಗಿಲ್ಲದೆ ಆರ್ಕ್‌ಟಿಕ್ ಕಡಲು ಹಾದು ನಾರ್ವೆಯಿಂದ ಕೊರಿಯಾಕ್ಕೆ 19 ದಿನದಲ್ಲಿ ತಲುಪಿತು. ಹಡಗು ಗಟ್ಟಿಯಾಗಿದ್ದದ್ದು ಒಂದು ಕಾರಣ. ಬೇಸಿಗೆಯಲ್ಲಿ ಅಲ್ಲಿನ ಮಂಜು ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿರುವುದು ಇನ್ನೊಂದು. ನಾವು ಸುಟ್ಟ ಇಂಧನದಿಂದ ಕರಗಿದ ದಾರಿಯಲ್ಲೇ ಇನ್ನಷ್ಟು ಇಂಧನ ತರುತ್ತಿದ್ದೇವೆ. ಇದು ಸರಿಯಲ್ಲ.

ಇನ್ನು ಮೀಥೇನ್. ನೈಸರ್ಗಿಕ ಅನಿಲದಲ್ಲಿ ಬಹುಪಾಲು ಇರುವುದು ಇದೇ. ಟ್ಯಾಂಕಿನಲ್ಲಿ ಆವಿಯಾದ ಗ್ಯಾಸನ್ನೇ ಈ ಹಡಗುಗಳ ಎಂಜಿನ್ ಉರಿಸುತ್ತದೆ. ಉರಿಯದೆ ಉಳಿದ ಒಂದಿಷ್ಟು ಗಾಳಿಗೆ ಸೇರುತ್ತದೆ. ಬಾವಿ, ಪೈಪುಗಳಲ್ಲಿ ಸೋರುವುದು ಬೇರೆ. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡಿಗಿಂತ 80 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಸೋರಿಕೆ ಜಾಸ್ತಿಯಾದರೆ ಗ್ಯಾಸ್ ಕಲ್ಲಿದ್ದಲಿಗಿಂತ ವಾಸಿ ಎಂಬ ಮಾತೂ ನಿಲ್ಲುವುದಿಲ್ಲ.

ಕನೆಕ್ಷನ್ ತೆಗೆದುಕೊಂಡವರನ್ನು ನಾನು ದೂರುತ್ತಿಲ್ಲ. ಸಿಲಿಂಡರಿಗೆ ಕಾಯುವ ಕಷ್ಟ ನಮ್ಮ ಮನೆಗೂ ಗೊತ್ತು. ನಾನು ಕೇಳುವುದು ಇಷ್ಟು: ಗ್ಯಾಸ್ ಕೊಳ್ಳುವ ನಮ್ಮ ಕಂಪನಿಗಳು ಪ್ರತಿ ಹಡಗಿನ ಸರಕಿಗೂ ಮೀಥೇನ್ ಸೋರಿಕೆಯ ಅಳತೆ ಕೇಳಿ ಪಡೆಯಲಿ, ಜನರ ಮುಂದಿಡಲಿ. ಆರ್ಕ್‌ಟಿಕ್ ಗ್ಯಾಸಿಗೆ ಇಪ್ಪತ್ತು ವರ್ಷದ ಕರಾರು ಬೇಡ. ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆಯಲ್ವಾ? ಅಂಥ ಕರೆಂಟಿನಲ್ಲೂ ಅಡುಗೆ ಮಾಡಬಹುದು. ಹೊಸ ಅಪಾರ್ಟ್‌ಮೆಂಟ್ ಕಟ್ಟುವವರು ಅಡುಗೆಮನೆಗೆ ಗ್ಯಾಸ್ ಪೈಪಿನ ಜೊತೆ ಇಂಡಕ್ಷನ್ ಒಲೆ ತಡೆಯುವಂಥ ವೈರಿಂಗನ್ನೂ ಈಗಲೇ ಹಾಕಿಸಲಿ.